ಹಸುಗೂಸುಗಳ ಪಾಲಿನ ಮೊದಲ ಕ್ಯಾನು

ನೀರಿನ ಇಲಾಖೆಯ ಮುಖ್ಯಾಧಿಕಾರಿಗಳೇ,

ನಮ್ಮ ಬೀದಿಯ ಶುದ್ಧ ನೀರಿನ ಘಟಕ ಬೆಳಿಗ್ಗೆ ಕೊಡುವ ಮೊದಲ ನೀರು ಶುದ್ಧವಲ್ಲ. ಅದನ್ನು ಕುಡಿದು ನನ್ನ ತಂಗಿಯ ಮೂರು ತಿಂಗಳ ಮಗಳು ನೀಲಿಗಟ್ಟಿದಳು. ಆ ನೀರನ್ನು ಚರಂಡಿಗೆ ಬಿಡಕೂಡದೆಂದು ಅಪ್ಪಣೆ ಮಾಡಿದವರು ತಾವು.

"ಒಂದು ಹನಿಯೂ ಪೋಲಾಗಬಾರದು" ಎಂಬ ತಮ್ಮ ಆದೇಶ ಘಟಕದ ಬಾಗಿಲಲ್ಲಿ ರಾರಾಜಿಸುತ್ತಿದೆ. ಎಂಥ ಉದಾತ್ತ ಮಾತು! ಆದರೇನು ಮಾಡೋಣ, ಒಳಗೆ ನೀರು ಸೋಸುವ ಪೊರೆಗೆ ಓದು ಬರುವುದಿಲ್ಲ. ನಾನು ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಮಕ್ಕಳಿಗೆ ಹೇಳುವಷ್ಟನ್ನೇ ತಮಗೂ ಹೇಳುತ್ತೇನೆ. ಪಂಪು ಓಡುವಾಗ ಒತ್ತಡಕ್ಕೆ ನೀರು ಪೊರೆಯನ್ನು ರಭಸದಿಂದ ದಾಟುತ್ತದೆ. ಕರಗಿದ ಲವಣಗಳೂ ದಾಟುತ್ತವೆ, ಆದರೆ ಅತಿ ನಿಧಾನವಾಗಿ; ಅಷ್ಟು ನೀರಿನಲ್ಲಿ ಅವು ಲೆಕ್ಕಕ್ಕೇ ಬರುವುದಿಲ್ಲ. ಪಂಪು ನಿಂತಿತೋ, ನೀರು ನಿಲ್ಲುತ್ತದೆ, ಲವಣ ನಿಲ್ಲುವುದಿಲ್ಲ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ರಾತ್ರಿಯಿಡೀ ಸದ್ದಿಲ್ಲದೆ ನುಸುಳುತ್ತಲೇ ಇರುತ್ತದೆ. ನಮ್ಮ ಕೊಳವೆಬಾವಿಯಲ್ಲಿ ನೈಟ್ರೇಟ್ ಎಂಬ ಲವಣ ವಿಪರೀತ, ಪೊರೆ ದಾಟುವುದರಲ್ಲಿ ಅದು ಬಲು ಚುರುಕು. ಅದಕ್ಕೇ ಬೆಳಗಿನ ಮೊದಲ ನೀರನ್ನು ಚೆಲ್ಲುವ ಪದ್ಧತಿ ಇತ್ತು. ತಾವು ನಿಲ್ಲಿಸಿದಿರಿ.

ಚೆಲ್ಲದ ನೀರು ಹೋದದ್ದೆಲ್ಲಿಗೆ? ಘಟಕ ನೋಡಿಕೊಳ್ಳುವವರನ್ನು ನಾವೆಲ್ಲ ನೀರಣ್ಣ ಎನ್ನುತ್ತೇವೆ. ಸಾಧು ಮನುಷ್ಯ. "ಮೊದಲ ನೀರು ಮಕ್ಕಳಿಗಮ್ಮಾ, ದೊಡ್ಡವರು ಆಮೇಲೆ ಕುಡೀಲಿ" ಎನ್ನುತ್ತ ಹಸುಗೂಸಿರುವ ಮನೆಗಳ ಬಾಗಿಲಿಗೇ ಮೊದಲ ಕ್ಯಾನುಗಳನ್ನು ತಂದಿಡುತ್ತಾರೆ. ಬಾಣಂತನಕ್ಕೆಂದು ನಮ್ಮ ಮನೆಯಲ್ಲಿರುವ ತಂಗಿಗೆ ಎದೆಹಾಲು ಸಾಲದು. ಆ ನೀರನ್ನೇ ಚೆನ್ನಾಗಿ ಕುದಿಸಿ ಹಾಲಿನ ಪುಡಿ ಕಲಸಿದಳು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತದೆ.

"ಅಕ್ಕಾ, ಇವಳ ತುಟಿ ನೋಡು, ಯಾಕೆ ಹೀಗಾಯ್ತು?" ಎಂದು ಅವಳು ಕಿರುಚಿದ್ದು ನನ್ನ ಕಿವಿಯಿಂದ ಹೋಗಿಲ್ಲ. ಆಸ್ಪತ್ರೆಯಲ್ಲಿ ಸಿರಿಂಜಿಗೆ ಬಂದ ರಕ್ತ ಕೆಂಪಗಿರಲಿಲ್ಲ, ಕಂದಾಗಿತ್ತು. ಡಾಕ್ಟರು ಅದನ್ನೇ ನೋಡುತ್ತ, "ನೀರು ಎಲ್ಲಿಂದ ತರ್ತೀರಿ?" ಎಂದರು. ಹೇಳಿದೆ. "ಅದೇ ನೀರು ಇನ್ನೆಷ್ಟು ಮಕ್ಕಳಿಗೆ ಹೋಗ್ತಿದೆ?" ಎಂದರು. ಬೀದಿಯ ಕೂಸುಗಳನ್ನು ಬೆರಳೆಣಿಸತೊಡಗಿದೆ. ಮಗು ಉಳಿಯಿತು, ನಿಜ.

ದೂರು ಕೊಟ್ಟ ಮೇಲೆ ತಾವು ಪರಿವಾರಸಮೇತ ದಯಮಾಡಿಸಿದಿರಿ, ನಡುಮಧ್ಯಾಹ್ನ, ಪಂಪು ಓಡಿ ಓಡಿ ನೀರು ಶುದ್ಧವಾದ ಹೊತ್ತಿಗೆ. ಮಾದರಿ ತೆಗೆಸಿದಿರಿ. ಒಂದು ಲೋಟ ಗಟಗಟ ಕುಡಿದು, "ನನಗೇನಾಯ್ತು?" ಎಂದು ನಕ್ಕಿರಿ. ತಮಗೇನಾಗಬೇಕು ಸ್ವಾಮಿ? ಮುಂಜಾನೆಯದನ್ನೇ ಕುಡಿದಿದ್ದರೂ ಏನೂ ಆಗುತ್ತಿರಲಿಲ್ಲ. ರಕ್ತ ಆಮ್ಲಜನಕ ಹೊರದಂತೆ ಮಾಡುವ ಆ ವಿಷ ಎರಗುವುದು ಕೂಸುಗಳಿಗೆ. ತಮಗೆ ಮೂರು ತಿಂಗಳ ವಯಸ್ಸೇ?

ಇಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಮತ್ತೆ ಅದೇ ಕ್ಯಾನು. ಆಸ್ಪತ್ರೆಯಿಂದ ಮಗು ಬಂದ ಖುಷಿಗೆ ನೀರಣ್ಣ ಬೇಗನೆ ತಂದು ಪಕ್ಕದಲ್ಲೇ ನಿಂತಿದ್ದರು. ನಾನು ಅದನ್ನು ಅವರೆದುರೇ ಚರಂಡಿಗೆ ಸುರಿದೆ.

"ಅಯ್ಯೋ, ಸಾಹೇಬ್ರೇ ಕುಡಿದು ತೋರಿಸಿದ್ರಲ್ಲಮ್ಮಾ!" ಎಂದರು.

"ಉಳಿದ ಕ್ಯಾನುಗಳೆಲ್ಲಿ?"

"ಆಗಲೇ ಎಲ್ಲ ಮನೆಗೂ ಕೊಟ್ಟುಬಂದೆ."

ಮನೆಮನೆಗೆ ಓಡಿದೆ. ಒಂದು ಮನೆಗೆ ಬೀಗ ಬಿದ್ದಿತ್ತು; ಆ ನೀರಿನಲ್ಲೇ ಕಲಸಿದ ಹಾಲನ್ನು ಬಾಟಲಿಗೆ ತುಂಬಿಕೊಂಡು, ಕೂಸನ್ನೆತ್ತಿಕೊಂಡು ಎಲ್ಲೋ ಹೊರಟರಂತೆ. ಈವರೆಗೆ ಸಿಕ್ಕಿಲ್ಲ. ನಾಳೆ ಘಟಕದ ಬೀಗ ತೆಗೆಯುವ ಮುನ್ನ ತಮ್ಮ ಆದೇಶ ಆ ಬಾಗಿಲಿನಿಂದ ಕೆಳಗಿಳಿಯಲೇಬೇಕು. ಆ ಮಗುವನ್ನು ಹುಡುಕಲು ಇಂದೇ, ಈಗಲೇ ಜನರನ್ನು ಕಳುಹಿಸಿ.

ಇಂತಿ,
ನೀರು ಪೋಲು ಮಾಡಿದ ಅಪರಾಧಿ,
ಬದುಕಿ ಬಂದ ಮಗುವಿನ ದೊಡ್ಡಮ್ಮ