ಭಾವನ ಕಾರಿನ ಬೆಲ್ಟು

ಪ್ರೀತಿಯ ಅಕ್ಕ,

ಲೋಕಕ್ಕೆಲ್ಲ ಸಾರತಕ್ಕ ಸುದ್ದಿ: ಭಾವ ಕೈಯಾರೆ ಕಟ್ಟಿದ ಹಳೇ ಮಾದರಿಯ ಸ್ಪೋರ್ಟ್ಸ್ ಕಾರಿನ ಬಾಗಿಲು ಒಂದೇ ಸಲಕ್ಕೆ ಮುಚ್ಚಿಕೊಳ್ಳುತ್ತದೆ! ಬಣ್ಣದಲ್ಲಿ ಮುಖ ನೋಡಿ ನಾನು ಕ್ರಾಪು ತೀಡಿಕೊಂಡೆ. ಅಸಲಿ ಕಾರೇ ನಾಚಬೇಕು.

ಕೆಲಸ ಹೇಗಿದೆ ನೋಡು ಎಂದು ಅವರೇ ಕರೆದಿದ್ದರಿಂದ ಸೀಟಿನಡಿಗೂ ತಲೆ ತೂರಿಸಿದೆ. ಸೀಟ್ ಬೆಲ್ಟಿನ ಬೋಲ್ಟು ಬರೀ ಫೈಬರ್ ಮೈಗೆ ಕಚ್ಚಿದೆ, ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಸೇರಿಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಕಿತ್ತು ಬರುತ್ತದೆ ಎಂದೆ.

"ಅಸಲಿ ಕಾರಿಗೆ ಬೆಲ್ಟೇ ಇರಲಿಲ್ಲ ಕಣಯ್ಯಾ, ಇದು ಅಲಂಕಾರಕ್ಕೆ!" ಎಂದು ನಕ್ಕರು. "ಭಾನುವಾರ ಮಗಳು ಪುಟ್ಟೀನ ಪಕ್ಕದಲ್ಲಿ ಕೂರಿಸ್ಕೊಂಡು ಹೆದ್ದಾರಿಗೆ ಬಿಡ್ತೀನಿ. ನೀನು ಕೈ ಬೀಸು, ಸಾಕು."

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಅವರೊಡನೆ ಜಗಳವಾಡಬೇಡ, ಬೋಲ್ಟು ನಾನೇ ಬಂದು ಸರಿಮಾಡುತ್ತೇನೆ. ಅಲ್ಲಿಯವರೆಗೆ ಒಂದು ಉಪಕಾರ ಮಾಡು: ಶನಿವಾರ ಸಂಜೆಯೇ ಪುಟ್ಟಿಯನ್ನು ನಮ್ಮ ಮನೆಗೆ ಕಳಿಸು. ಬಸ್ಸಿನಲ್ಲಿ.

ನಿನ್ನ ತಮ್ಮ