ಬಸಪ್ಪ ಬರೆಸಿದ್ದು, ನೀವು ಓದಿದ್ದು

ಮೇಷ್ಟ್ರೇ,

ಪಾದಕ್ಕೆ ನಮಸ್ಕಾರ ಎಂದು ಶುರು ಮಾಡಬೇಕು. ಈ ಸಲ ಕೈ ಬರುತ್ತಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ಬದುಕಿದ್ದಾಗ ಗೊತ್ತಾಗಿದ್ದರೆ ಆಗಲೇ ಮಾಡುತ್ತಿದ್ದೆ.

ಬಸವಾಪಟ್ಟಣದ ಶಾಲೆಯ ಜಗಲಿ ನೆನಪಿದೆಯೇ? ಸಂಜೆ ಹೆಂಗಸರು ಕಾಗದ ಹಿಡಿದು ಬರುತ್ತಿದ್ದರು, ನೀವು ಓದಿ ಹೇಳುತ್ತಿದ್ದಿರಿ. ನಾನು ನಿಮ್ಮ ಕೈಕೆಳಗೆ ಹೊಸದಾಗಿ ಸೇರಿದ ಮೇಷ್ಟ್ರು. ಗಿರಿಜವ್ವ ರಂಗೂನಿನಿಂದ ಬಂದ ಗಂಡನ ಕಾರ್ಡು ತಂದ ದಿನ ಪಕ್ಕದಲ್ಲೇ ಕೂತಿದ್ದೆ. "ಬರ್ತಾನಂತೆ ಕಣವ್ವ. ದುಡ್ಡು ಕೂಡಿಸಾಕೆ ಒಂದಷ್ಟು ದಿನ ಹಿಡೀತೈತಂತೆ, ದಾರಿ ನೋಡಬೇಕಂತೆ," ಎಂದಿರಿ. ಅವಳು ಓಡಿಹೋಗಿ ಬೆಲ್ಲ ತಂದು ನಮ್ಮಿಬ್ಬರ ಕೈಗೂ ಹಾಕಿದಳು. ನೀವು ತಿಂದಿರಿ ಮೇಷ್ಟ್ರೇ! ಗಂಟಲಲ್ಲಿ ಇಳಿಯಿತೇ ಆ ಬೆಲ್ಲ?

ಅದಾಗಿ ಎಷ್ಟೋ ವರ್ಷದ ಮೇಲೆ, ಈ ಬೇಸಿಗೆ ರಜೆಯಲ್ಲಿ ಮದರಾಸಿನಿಂದ ಹಡಗು ಹತ್ತಿ ಅದೇ ರಂಗೂನಿಗೆ ಹೋಗಿದ್ದೆ. ಅಲ್ಲಿ ವ್ಯಾಪಾರಕ್ಕಿರುವ ಚನ್ನಗಿರಿಯ ಸಾಹೇಬರೊಬ್ಬರು, "ನಮ್ಮ ಕಡೆ ಹಮಾಲರಿಗೆ ಊರಿಗೆ ಕಾಗದ ಬರೆಯಾಕೆ ಕಲಿಸಿ ಹೋಗ್ರಿ," ಎಂದು ಕರೆಸಿಕೊಂಡಿದ್ದರು. ಹೊನ್ನಾಳಿಯವರು, ನ್ಯಾಮತಿಯವರು, ಜಗಳೂರಿನವರು, ಮೂಟೆ ಹೊತ್ತ ಕೈಗಳಲ್ಲಿ ಬಳಪ. ಗಿರಿಜವ್ವನ ಗಂಡ ಬಸಪ್ಪನೂ ಇದ್ದ. ಊರಿನ ಮಾತು ತೆಗೆದರೆ ಜಾರಿಕೊಳ್ಳುತ್ತಿದ್ದ. ಅಕ್ಷರ ಕೂಡಿಸಲು ಬಂದ ಮೇಲೆ, "ಮನೆಗೆ ಹೇಳಬೇಕಾದ್ದನ್ನು ನಿಮ್ಮ ಮಾತಲ್ಲೇ ಬರೀರಿ," ಎಂದೆ. ಬಸಪ್ಪ ಬಳಪ ಕೆಳಗಿಟ್ಟ.

"ನಾನು ಹೇಳೋದು ಏನೈತೆ ರೀ? ಇಲ್ಲೇ ಮದುವೆ ಆಗೀನಿ, ನನ್ನ ದಾರಿ ನೋಡಬ್ಯಾಡ, ಉಡಿಕೆ ಮಾಡ್ಕೊಂಡು ಬೇರೆ ಸಂಸಾರ ಹೂಡು ಅಂತ ಆವಾಗ್ಲೇ ಗುಮಾಸ್ತರ ಕೈಲಿ ಕಾರ್ಡು ಬರೆಸಿದ್ದೆನಲ್ಲ. ಆಕೆಗೆ ಈಗ ಎಷ್ಟು ಮಕ್ಕಳು ರೀ?"

ಜಗಲಿಯಲ್ಲಿ ನೀವು ಓದಿದ್ದು ಅದೇ ಕಾರ್ಡು. ಕನಿಕರವೇ ಅದು? ಎದುರಿಗೆ ಒಬ್ಬಳು ಅಳುವುದನ್ನು ನೋಡಲಾರದ ನಿಮ್ಮ ಪುಕ್ಕಲುತನಕ್ಕೆ ಅವಳ ಹರೆಯವೆಲ್ಲ ಮಣ್ಣಾಯಿತು. ನಲ್ಲೂರಿನವರು ಉಡಿಕೆಗೆ ಕೇಳಿಕೊಂಡು ಬಂದಾಗ, "ನನ್ನ ಗಂಡ ಬರ್ತಾನೆ," ಎಂದು ಬೈದು ಅಟ್ಟಿದಳು. ಆಗಲೂ ನೀವು ಬಾಯಿ ಬಿಡಲಿಲ್ಲ. ಆಮೇಲಾದರೂ ಒಂದು ದಿನ ಕರೆದು ಕೂರಿಸಿ... ಏನು ಹೇಳಲಿ ನಿಮಗೆ!

ಊರಿಗೆ ಬಂದವನೇ ಅವಳಿಗೆ ಎಲ್ಲ ಹೇಳಿದೆ. ಅಳಲಿಲ್ಲ. "ಮೇಷ್ಟ್ರಿಗೆ ಗೊತ್ತಿತ್ತೇನ್ರಿ?" ಎಂದಳು. ಇಲ್ಲ, ಕಾರ್ಡಿನಲ್ಲೇ ಹಾಗಿತ್ತು ಎನ್ನೋಣವೆಂದು ನಾಲಗೆಯ ತುದಿಗೆ ಬಂದಿತ್ತು. ನಿಮ್ಮ ಶಿಷ್ಯನಲ್ಲವೇ! "ಗೊತ್ತಿತ್ತವ್ವ," ಎಂದೆ.

"ಸೋಮವಾರ ಸೋಮವಾರ ಅವರ ಸಮಾಧಿಗೆ ಹೂವು ಇಟ್ಟು ಬರ್ತಿದ್ದೆನಲ್ರೀ," ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇವತ್ತು ಸೋಮವಾರ. ನಿಮ್ಮ ಸಮಾಧಿಯ ಹತ್ತಿರ ಹೋಗಿದ್ದೆ. ಹೂವು ಇರಲಿಲ್ಲ. ನಾನೂ ಇಡಲಿಲ್ಲ.