ಎಡೆಯಲ್ಲಿ ಉಳಿದ ತುದಿ

ಅವ್ವಾ,

ನೀನು ಹೋಗಿ ಇವತ್ತಿಗೆ ವರ್ಷ. ನಿನಗೆ ಎಡೆ ಇಡಬೇಕೆಂದು ಅಪ್ಪ ಬೆಳಿಗ್ಗೆಯೇ ಹಿತ್ತಲಲ್ಲಿ ಕೆಂಡ ಮಾಡಿಕೊಂಡು ಕುಳಿತಿದ್ದರು. ಬೇಸಿಗೆಯಲ್ಲಿ ನೀನು ಮಾಡುತ್ತಿದ್ದಂತೆಯೇ ಬಾಳೆಹಣ್ಣನ್ನು ಸಿಪ್ಪೆ ಸಮೇತ ಸುಟ್ಟು, ಬಿಡಿಸಿ, ತಣ್ಣನೆಯ ಗಟ್ಟಿ ಮೊಸರಿನ ಮೇಲಿಟ್ಟು ಜೋನಿಬೆಲ್ಲ ಸುರಿದರು. ಅವರು ಬೆಂಕಿ ಊದಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಆಮೇಲೆ ತಮ್ಮ ಎಂದಿನ ರೂಢಿಯಂತೆ, ಮೆತ್ತಗಿದ್ದ ನಡುಭಾಗವನ್ನು ಮುರಿದು ಬಾಯಿಗೆ ಹಾಕಿಕೊಂಡುಬಿಟ್ಟರು.

ಘೋಡಗೇರಿಯಿಂದ ಬಂದಿದ್ದ ಸುಂದ್ರವ್ವತ್ತೆ ನೋಡಿದಳು. "ಎಡಿಗಿ ಇಡೂದನ್ನ ಎಂಜಲ ಮಾಡಿದೆಲ್ಲೊ ಅಣ್ಣಾ. ಬ್ಯಾರೆ ಮಾಡು."

ಅಪ್ಪ ಕೆಂಡ ನೋಡುತ್ತಲೇ ಹೇಳಿದರು: "ಆಕಿ ಯಾವತ್ತೂ ನಾ ತಿಂದ ಮ್ಯಾಲ ತಿನ್ನಾಕಿ. ಮೊದಲ ಆಕಿಗಿ ಇಟ್ರ ಮುಟ್ಟಂಗಿಲ್ಲ."

ಅಪ್ಪ ಅದೇ ತಾಟನ್ನು ನಿನ್ನ ಫೋಟೋದ ಮುಂದೆ ಇಟ್ಟರು. ದೀಪ ಹಚ್ಚುವಾಗ ನಾನು ಬಗ್ಗಿ ನೋಡಿದೆ. ಈ ಸಲವೂ ನಿನಗೆ ಉಳಿದದ್ದು ಕರಕಾದ ತುದಿಗಳೇ.

"ನನಗ ಕರಕಾಗಿದ್ದ ಸೇರತೈತಿ" ಅಂತ ನೀನೇ ಹೇಳುತ್ತಿದ್ದೆ. ನಾವೂ ಅದನ್ನು ನಂಬಿಕೊಂಡು ನಿನ್ನೆದುರೇ ಕುಳಿತು ತಿನ್ನುತ್ತಿದ್ದೆವು.

ಖರೇನ ಸೇರತಿತ್ತೇನವ್ವಾ?